ತೋಳ ಬರುವ ಜೋಗುಳ, ಮೊಸಳೆಯ ಹುಟ್ಟುಹಬ್ಬ

ಪ್ರಶ್ನೆ: ನನ್ನ ಮಗ ರಷ್ಯಾದಲ್ಲಿ ವೈದ್ಯಕೀಯ ಓದಲು ಹೋಗಿ ಅಲ್ಲಿಯ ಹುಡುಗಿಯನ್ನೇ ಮದುವೆಯಾದ. ಈಗ ಸೊಸೆ ಮತ್ತು ಏಳು ತಿಂಗಳ ಮೊಮ್ಮಗಳು ನಮ್ಮ ಜೊತೆಗೇ ಇದ್ದಾರೆ. ಸೊಸೆ ದಿನಾ ರಾತ್ರಿ ಒಂದು ಹಾಡು ಹೇಳಿ ಮಗುವನ್ನು ಮಲಗಿಸುತ್ತಾಳೆ. ಅರ್ಥ ಕೇಳಿದೆ. ಅಂಚಿನಲ್ಲಿ ಮಲಗಿದರೆ ತೋಳ ಬಂದು ಪಕ್ಕೆ ಕಚ್ಚುತ್ತದೆ ಎಂದು ಹಾಡಿನಲ್ಲಿದೆಯಂತೆ! ಇನ್ನೊಂದು ಹಾಡನ್ನು ಮೊಬೈಲಿನಲ್ಲಿ ಹಾಕಿಕೊಳ್ಳುತ್ತಾಳೆ. ಒಂದು ಮೊಸಳೆ ಹಾರ್ಮೋನಿಯಂನಂಥದ್ದನ್ನು ನುಡಿಸುತ್ತಾ ಹಾಡುತ್ತದೆ. ಅದು ಹುಟ್ಟುಹಬ್ಬದ ಹಾಡಂತೆ, ಕೇಳಿದರೆ ಅಳು ಬರುವ ಹಾಗಿದೆ. ಅವಳ ಕಣ್ಣೂ ಒದ್ದೆಯಾಗುತ್ತದೆ. ಎಳೆಮಗುವಿಗೆ ಇಂಥ ಭಯದ, ದುಃಖದ ಹಾಡು ಯಾಕೆ? ತಾಯಿಮಗುವಿನ ನಂಟು ಹಾಡಿನಿಂದ ಬೆಳೆಯುತ್ತದೆ ಎನ್ನುತ್ತಾರಲ್ಲ, ಅದು ನಿಜವೇ? ನಾನು ಕನ್ನಡದಲ್ಲಿ ಜೋಗುಳ ಹೇಳಿದರೆ ಮಗುವಿಗೆ ಗೊಂದಲವಾದೀತೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಅಮ್ಮಾ, ನಿಮ್ಮ ಪತ್ರ ಓದಿ ಸಂತೋಷವಾಯಿತು. ಸೊಸೆಯ ಹಾಡು ಅರ್ಥವಾಗದಿದ್ದರೆ ಸುಮ್ಮನಿರುವವರೇ ಹೆಚ್ಚು. ನೀವು ಅರ್ಥ ಕೇಳಿದಿರಿ, ಕೇಳಿ ಗಾಬರಿಯಾದಿರಿ, ಆಮೇಲೆ ಬರೆದು ವಿಚಾರಿಸಿದಿರಿ. ಗಾಬರಿಯಾದದ್ದೂ ಸಹಜವೇ. ನೀವು ಕೇಳಿರುವುದು ಎರಡು ಬೇರೆ ಬೇರೆ ಕಾಲದ ಹಾಡುಗಳ ಬಗ್ಗೆ. ತೋಳದ ಹಾಡು ಯಾರು ಕಟ್ಟಿದರೆಂದು ಗೊತ್ತಿಲ್ಲದ ಹಳೆಯ ಜನಪದ ಜೋಗುಳ. ಮೊಸಳೆಯದು ಸೋವಿಯತ್ ಕಾಲದ ಚಲನಚಿತ್ರದ ಹಾಡು, ಅದಕ್ಕೆ ಕವಿಯೂ ಸಂಗೀತಗಾರನೂ ಇದ್ದಾರೆ. ಎರಡನ್ನೂ ಬೇರೆಯಾಗಿಯೇ ನೋಡೋಣ.

ಮೊದಲು ತೋಳ. ರಷ್ಯನ್ ಭಾಷೆಯಲ್ಲಿ ಜೋಗುಳಕ್ಕೆ ‘ಕಲಿಬೇಲ್ನಯಾ’ ಎನ್ನುತ್ತಾರೆ, ಅಂದರೆ ತೊಟ್ಟಿಲ ಹಾಡು. ಅಲ್ಲಿಯ ಹಳ್ಳಿಯ ಮರದ ಮನೆಗಳಲ್ಲಿ ತೊಟ್ಟಿಲನ್ನು ನಮ್ಮ ಹಾಗೆಯೇ ಮೇಲಿನಿಂದ ತೂಗುಬಿಡುತ್ತಿದ್ದರು. ಹಗ್ಗವನ್ನು ತೊಲೆಗೆ ನೇರವಾಗಿ ಕಟ್ಟುತ್ತಿರಲಿಲ್ಲ, ಬಾಗುವ ಒಂದು ಉದ್ದನೆಯ ಗಳುವಿನ ತುದಿಗೆ ಕಟ್ಟುತ್ತಿದ್ದರು. ಹೀಗಾಗಿ ತೊಟ್ಟಿಲು ಅತ್ತಿತ್ತ ತೂಗುವುದರ ಜೊತೆಗೆ ಮೇಲೆ ಕೆಳಗೂ ಆಡುತ್ತಿತ್ತು. ನಾವು ‘ಜೋ’ ಎನ್ನುವ ಜಾಗದಲ್ಲಿ ಅವರು ‘ಬಯೂ’ ಎನ್ನುತ್ತಾರೆ. ಮಾತಾಡು, ಹೇಳು ಎಂಬ ಅರ್ಥದ ಹಳೆಯ ಕ್ರಿಯಾಪದಕ್ಕೂ ಇದಕ್ಕೂ ನಂಟಿದೆ. ಮಗುವನ್ನು ಹಾಡಿ ಮಲಗಿಸುವುದಕ್ಕೆ ‘ಬಯೂಕತ್’ ಎಂಬ ಪದ ಈಗಲೂ ಬಳಕೆಯಲ್ಲಿದೆ.

ಈಗ ಸೊಸೆಯ ಹಾಡನ್ನು ಸ್ವಲ್ಪ ಹತ್ತಿರದಿಂದ ನೋಡಿ. ಅಂಚು ಎಂಬುದಕ್ಕೆ ಆ ಹಾಡಿನಲ್ಲಿ ಬರುವ ಪದ ‘ಕ್ರಯೂ’. ಅದು ‘ಬಯೂ’ಗೆ ಪ್ರಾಸ. ತೋಳಕ್ಕೆ ರಷ್ಯನ್ನಲ್ಲಿ ‘ವೋಲ್ಕ್’ ಎನ್ನಬೇಕು, ಹಾಡಿನಲ್ಲಿ ಬರುವುದು ‘ವಲ್ಚೋಕ್’. ಅಂದರೆ ಪುಟ್ಟ ತೋಳ, ಮುದ್ದು ತೋಳ. ನಮ್ಮ ಮಕ್ಕಳ ಕಥೆಗಳ ತೋಳಣ್ಣ ಇದ್ದ ಹಾಗೆ. ಅದರ ಬೂದು ಬಣ್ಣಕ್ಕೂ ಮುದ್ದಿನ ರೂಪವೇ ಇದೆ. ಅದು ಕಚ್ಚುವ ಪಕ್ಕೆಯೂ ‘ಬೋಕ್’ ಅಲ್ಲ, ‘ಬಚೋಕ್’, ಪುಟಾಣಿ ಪಕ್ಕೆ. ವಲ್ಚೋಕ್, ಬಚೋಕ್: ತೋಳ ಪಕ್ಕೆಗೇ ಬಾಯಿ ಹಾಕಲು ಪ್ರಾಸವೇ ಮುಖ್ಯ ಕಾರಣ ಎಂದು ನನ್ನ ಅನಿಸಿಕೆ. ರಷ್ಯನ್ ಮಾತಿನಲ್ಲಿ ಹೀಗೆ ಹೆಸರಿಗೆ ಮುದ್ದಿನ ಬಾಲ ಹಚ್ಚಿದರೆ ಆ ವಸ್ತುವಿನ ಉಗುರು ಹಲ್ಲುಗಳೆಲ್ಲ ಮೊಂಡಾಗುತ್ತವೆ. ಸೊಸೆ ನಿಮಗೆ ಅರ್ಥ ಹೇಳುವಾಗ ಈ ಬಾಲವೇ ಬಿಟ್ಟುಹೋಗಿದೆ. ಅದಕ್ಕೇ ನಿಮಗೆ ನಿಜವಾದ ತೋಳ ಕಂಡದ್ದು.

ಅಂಚಿನಲ್ಲಿ ಮಲಗಬೇಡ ಎನ್ನುವುದು ಯಾಕೆ? ಅಂಚು ಎಂದರೆ ಈ ಲೋಕದ ಗಡಿ ಎಂದೆಲ್ಲ ವ್ಯಾಖ್ಯಾನ ಮಾಡುವವರಿದ್ದಾರೆ. ಆದರೆ ಅಲ್ಲಿಯ ಹಳ್ಳಿಮನೆಯಲ್ಲಿ ಗೋಡೆಯುದ್ದಕ್ಕೂ ಹಾಕಿದ ಬೆಂಚಿನ ಮೇಲೋ ದೊಡ್ಡ ಒಲೆಯ ಮೇಲಿನ ಬೆಚ್ಚನೆಯ ಜಾಗದಲ್ಲೋ ಮಕ್ಕಳು ಮಲಗುತ್ತಿದ್ದರು. ಅಲ್ಲಿಂದ ಉರುಳಿ ಬೀಳುವ ಭಯವೊಂದೇ ನನಗೆ ಸಾಕಷ್ಟು ಕಾರಣವಾಗಿ ಕಾಣುತ್ತದೆ.

ನಮ್ಮಲ್ಲಿ ಹೆದರಿಸುವುದೇ ಇಲ್ಲವೇ? ಗುಮ್ಮ ಎಲ್ಲಿಂದ ಬಂದ ಹಾಗಾದರೆ! ಪುರಂದರದಾಸರ ಒಂದು ಪದದಲ್ಲಿ ಬಾಲಕೃಷ್ಣನೇ ತಾಯಿಗೆ ಗುಮ್ಮನನ್ನು ಕರೆಯಬೇಡವೆಂದು ಗೋಗರೆಯುತ್ತಾನೆ. ನೀವೂ ಹಾಡಿರುತ್ತೀರಿ. ಅದನ್ನು ಹೇಳುವಾಗ ಯಾವ ತಾಯಿಯ ಮುಖದಲ್ಲೂ ಭಯ ಇರುವುದಿಲ್ಲ, ನಗು ಇರುತ್ತದೆ. ಸೊಸೆ ಹಾಡುವಾಗಲೂ ಅವಳ ಮುಖ ನೋಡಿ. ಏಳು ತಿಂಗಳ ಕೂಸಿಗೆ ತೋಳ ಎಂದರೇನು, ಅಂಚು ಎಂದರೇನು ಗೊತ್ತಿಲ್ಲ. ಗೊತ್ತಾಗುವುದು ಆ ಮುಖ, ಆ ದನಿ, ಬೆನ್ನು ತಟ್ಟುವ ಆ ಕೈ. ಜೋಗುಳದ ಮಾತುಗಳು ಹಾಡುವವಳಿಗಾಗಿ ಇರುತ್ತವೆ. ದಿನವಿಡೀ ದುಡಿದು ದಣಿದ ತಾಯಿ ತನ್ನ ಅಂಜಿಕೆ, ಬೇಸರ, ಸಿಟ್ಟು ಎಲ್ಲವನ್ನೂ ಅದರಲ್ಲಿ ಹೇಳಿಕೊಳ್ಳುತ್ತಾಳೆ. ಕೇಳುವ ಮಗು ಯಾರಿಗೂ ಹೋಗಿ ಹೇಳುವುದಿಲ್ಲವಲ್ಲ.

ಈ ತೋಳದ ಬಗ್ಗೆ ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗಲಾರೆ. ಯೂರಿ ನೋರ್ಶ್ಟೈನ್ ಎಂಬ ನಿರ್ದೇಶಕ 1979ರಲ್ಲಿ ‘ಕಥೆಗಳ ಕಥೆ’ ಎಂಬ ಅನಿಮೇಷನ್ ಚಿತ್ರ ಮಾಡಿದರು. ಅದರ ನಾಯಕ ಇದೇ ಜೋಗುಳದ ಬೂದು ತೋಳ. ಯುದ್ಧದ ನೆನಪು, ಖಾಲಿಯಾದ ಹಳೆಯ ಮನೆ, ಬೆಂಕಿಯಲ್ಲಿ ಸುಡುವ ಆಲೂಗಡ್ಡೆ ಇವುಗಳ ನಡುವೆ ಅದು ಒಂಟಿಯಾಗಿ ಓಡಾಡುತ್ತದೆ. ಕವಿಯೊಬ್ಬನ ಮೇಜಿನಿಂದ ಒಂದು ಹಾಳೆ ಕದ್ದು ಓಡಿದರೆ ಆ ಹಾಳೆ ಕೈಯಲ್ಲಿ ಅಳುವ ಕೂಸಾಗುತ್ತದೆ. ತೋಳಕ್ಕೆ ಗಾಬರಿ. ಕಾಡಿಗೆ ಒಯ್ದು ತೊಟ್ಟಿಲಿನಲ್ಲಿ ಹಾಕಿ ತೂಗುತ್ತಾ, ತನ್ನನ್ನೇ ಕುರಿತ ಆ ಜೋಗುಳವನ್ನು ಹಾಡುತ್ತದೆ! ಯಾರಿಂದ ಮಗುವಿಗೆ ಹೆದರಿಕೆ ಎಂದು ಹಾಡು ಹೇಳುತ್ತದೋ ಅವನೇ ಮಗುವನ್ನು ಮಲಗಿಸುತ್ತಾನೆ. ಮಾತು ಬಹಳ ಕಡಿಮೆ, ಅರ್ಧ ಗಂಟೆಯೂ ಇಲ್ಲದ ಚಿತ್ರ. ಸೊಸೆಯ ಜೊತೆ ಕೂತು ಒಮ್ಮೆ ನೋಡಿ.

ಇನ್ನು ಮೊಸಳೆ. ಅವನ ಹೆಸರು ಗೇನಾ. ಎಡುವಾರ್ದ್ ಉಸ್ಪೇನ್ಸ್ಕಿ 1966ರಲ್ಲಿ ಪ್ರಕಟಿಸಿದ ಮಕ್ಕಳ ಕಥೆಯಿಂದ ಬಂದವನು. ಅವನಿಗೆ ಮೃಗಾಲಯದಲ್ಲಿ ಕೆಲಸ, ಹುದ್ದೆ ಮೊಸಳೆಯದೇ. ಹಗಲೆಲ್ಲ ಅಲ್ಲಿ ಮೊಸಳೆಯಾಗಿದ್ದು ಸಂಜೆ ಕೋಟು ಟೋಪಿ ಹಾಕಿಕೊಂಡು ಮನೆಗೆ ಬರುತ್ತಾನೆ. ಒಂಟಿತನ ತಾಳಲಾರದೆ ಸ್ನೇಹಿತರು ಬೇಕಾಗಿದ್ದಾರೆ ಎಂದು ಊರಲ್ಲಿ ಚೀಟಿ ಅಂಟಿಸುತ್ತಾನೆ. ಹಾಗೆ ಸಿಕ್ಕವನು ಚೆಬುರಾಶ್ಕಾ, ಕಿತ್ತಳೆ ಹಣ್ಣಿನ ಪೆಟ್ಟಿಗೆಯಲ್ಲಿ ಬಂದ, ಯಾವ ಪ್ರಾಣಿಯೆಂದು ಯಾರಿಗೂ ಗೊತ್ತಾಗದ ದೊಡ್ಡ ಕಿವಿಯ ಜೀವಿ. ರೊಮಾನ್ ಕಚಾನೊವ್ ಎಂಬ ನಿರ್ದೇಶಕ ಈ ಕಥೆಯನ್ನು ಬೊಂಬೆಗಳನ್ನಿಟ್ಟು ಚಿತ್ರವಾಗಿಸಿದರು. ಮೊದಲನೆಯದು 1969ರದು. ನಿಮ್ಮ ಸೊಸೆ ಹಾಕಿಕೊಳ್ಳುವ ಹಾಡು 1971ರ ಎರಡನೆಯ ಚಿತ್ರದ್ದು. ಸಂಗೀತ ವ್ಲದೀಮಿರ್ ಶೈನ್ಸ್ಕಿ, ಸಾಹಿತ್ಯ ಅಲೆಕ್ಸಾಂದ್ರ್ ತಿಮೊಫೆಯೆವ್ಸ್ಕಿ. ನೀವು ಹಾರ್ಮೋನಿಯಂ ಎಂದದ್ದು ಗರ್ಮೋಷ್ಕಾ. ಹೊಟ್ಟೆಯ ಮೇಲಿಟ್ಟು ಹಿಗ್ಗಿಸಿ ಕುಗ್ಗಿಸಿ ನುಡಿಸುವ ವಾದ್ಯ. ಅದರೊಳಗೂ ಹಾರ್ಮೋನಿಯಂ ರೀಡುಗಳೇ ಇರುವುದರಿಂದ ನೀವು ಹೇಳಿದ್ದು ತೀರ ತಪ್ಪೇನಲ್ಲ.

ಹಾಡಿನ ಸಂಗತಿ ಇಷ್ಟು: ಮಳೆ ಬರುತ್ತಿದೆ, ದಾರಿಹೋಕರು ನೀರು ನಿಂತ ಹೊಂಡಗಳನ್ನು ದಾಟಿ ಎಡವುತ್ತಾ ಓಡುತ್ತಿದ್ದಾರೆ, ಇವನು ಮಾತ್ರ ಯಾಕೆ ಖುಷಿಯಾಗಿದ್ದಾನೆಂದು ಯಾರಿಗೂ ತಿಳಿಯದು. ಹುಟ್ಟುಹಬ್ಬ ವರ್ಷಕ್ಕೆ ಒಂದೇ ಸಲ ಬರುತ್ತದಲ್ಲ ಎಂಬ ಕೊರಗು ಬೇರೆ. ಮಂತ್ರವಾದಿಯೊಬ್ಬ ಹೆಲಿಕಾಪ್ಟರಿನಲ್ಲಿ ಇಳಿದು ಬಂದು ಪುಕ್ಕಟೆ ಸಿನಿಮಾ ತೋರಿಸಿ, ಹೋಗುವಾಗ 500 ಐಸ್‌ಕ್ರೀಮ್ ಬಿಟ್ಟುಹೋದಾನು ಎಂಬ ಆಸೆಯೂ ಇದೆ. ಇದು ಖುಷಿಯ ಹಾಡೋ ದುಃಖದ ಹಾಡೋ ಎಂದು ಕೇಳಿದರೆ ರಷ್ಯದವರೂ ನಕ್ಕು ಸುಮ್ಮನಾಗುತ್ತಾರೆ. ಎರಡೂ ಹೌದು. ಹಾಗಿದ್ದರೂ ಅಲ್ಲಿ ಹುಟ್ಟುಹಬ್ಬ ಬಂತೆಂದರೆ ಈ ಹಾಡು ಬಂದೇ ಬರುತ್ತದೆ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಹಾಡು ‘ದುಃಖದ್ದು’ ಎಂದು ನಿಮಗೆ ಅನ್ನಿಸಿದ್ದು ಮಾತಿನಿಂದಲ್ಲ, ಭಾಷೆ ನಿಮಗೆ ಬಾರದು. ಅನ್ನಿಸಿದ್ದು ಸ್ವರದಿಂದ. ಪಾಶ್ಚಾತ್ಯ ಸಂಗೀತದಲ್ಲಿ ಮೇಜರ್, ಮೈನರ್ ಎಂದು ಎರಡು ಮುಖ್ಯ ಸ್ವರಶ್ರೇಣಿಗಳಿವೆ. ಮೇಜರ್ ಎಂದರೆ ಹೆಚ್ಚುಕಡಿಮೆ ನಮ್ಮ ಶಂಕರಾಭರಣ, ಹಿಂದುಸ್ತಾನಿಯವರ ಬಿಲಾವಲ್. ಮೈನರ್ ಎಂದರೆ ನಟಭೈರವಿ, ಅವರ ಆಸಾವರಿ. ಅದರ ನಿಷಾದವನ್ನು ಏರಿಸಿದರೆ ನಮ್ಮ ಕೀರವಾಣಿಯಾಗುತ್ತದೆ, ಇದೂ ರಷ್ಯನ್ ಹಾಡುಗಳಲ್ಲಿ ಬಹಳ ಕೇಳಿಬರುತ್ತದೆ. ಗೇನಾನ ಹಾಡು ಮೈನರ್. ಮೈನರ್ ಎಂದರೆ ದುಃಖ, ಮೇಜರ್ ಎಂದರೆ ಸಂತೋಷ ಎಂಬ ಪಾಠವನ್ನು ಪಾಶ್ಚಾತ್ಯ ಸಂಗೀತ ಕಲಿಸುವವರು ಮೊದಲ ದಿನವೇ ಹೇಳಿಬಿಡುತ್ತಾರೆ. ನಮ್ಮ ಸಿನಿಮಾಗಳೂ ಅದನ್ನೇ ರೂಢಿ ಮಾಡಿವೆ. ಕೀರವಾಣಿಯಲ್ಲಿ ಕೀರ್ತನೆ ಕೇಳಿ ಬೆಳೆದ ನಾವು ಇದನ್ನು ಅಷ್ಟು ಸುಲಭವಾಗಿ ಒಪ್ಪಬೇಕಿಲ್ಲ.

ಇದೇ ಶೈನ್ಸ್ಕಿಯವರ ಮಿಡತೆಯ ಹಾಡನ್ನು ಕೇಳಿಸಿಕೊಳ್ಳಿ, ಸೊಸೆಗೆ ಖಂಡಿತ ಬರುತ್ತದೆ. ಸಾಹಿತ್ಯ ನಿಕೊಲಾಯ್ ನೋಸೊವ್ ಅವರದು. ಅದೂ ಮೈನರಿನಲ್ಲಿದೆ. ಹುಲ್ಲಿನಲ್ಲಿ ಕೂತ ಹಸಿರು ಮಿಡತೆ ಹುಲ್ಲು ಮಾತ್ರ ತಿನ್ನುತ್ತಿತ್ತು, ನೊಣಗಳ ಜೊತೆ ಸ್ನೇಹವಾಗಿತ್ತು, ಕಪ್ಪೆ ಬಂದು ನುಂಗಿತು. ಕಥೆ ಅಷ್ಟೇ. ಸ್ವರವೂ ‘ದುಃಖದ್ದು’, ಕಥೆಯಲ್ಲೂ ಸಾವು. ಕೇಳುವ ಮಕ್ಕಳು ಮಾತ್ರ ಕುಣಿಯುತ್ತಾರೆ! ಕಾರಣ ಅದರ ನಡೆ, ಚುರುಕಾಗಿ ಹೆಜ್ಜೆ ಹಾಕಿಸುವಂಥದ್ದು. ಕೂಸಿಗೆ ಮೊದಲು ತಾಗುವುದು ಲಯ ಮತ್ತು ದನಿಯ ಏರಿಳಿತ. ಗಾಂಧಾರ ಕೋಮಲವೋ (ಮೈನರ್) ಶುದ್ಧವೋ (ಮೇಜರ್) ಎಂಬುದರ ಅರ್ಥ ಬೆಳೆಯುತ್ತಾ ಕೇಳಿ ಕಲಿಯುವಂಥದ್ದು. ಆದ್ದರಿಂದ ಮೈನರ್ ಹಾಡು ಕೇಳಿ ಮೊಮ್ಮಗಳು ಮಂಕಾಗುತ್ತಾಳೆ ಎಂಬ ಚಿಂತೆ ಬೇಡ.

ಹಾಗಾದರೆ ಸೊಸೆಯ ಕಣ್ಣು ಒದ್ದೆಯಾಗುವುದು? ಅದರ ಕಾರಣ ಸ್ವರದಲ್ಲಿಲ್ಲ. ಸೋವಿಯತ್ ಕಾಲದಲ್ಲಿ ಟಿವಿ ವಾಹಿನಿಗಳು ಬೆರಳೆಣಿಕೆಯಷ್ಟು, ಮಕ್ಕಳ ಚಿತ್ರ ತಯಾರಿಸುವ ದೊಡ್ಡ ಸ್ಟುಡಿಯೋ ಎಂದರೆ 1936ರಲ್ಲಿ ಆರಂಭವಾದ ಸೊಯುಜ್‌ಮುಲ್ತ್‌ಫಿಲ್ಮ್. ಶಿಶುವಿಹಾರಗಳಲ್ಲಿ ಪಿಯಾನೋ ಮುಂದೆ ಕೂತು ಹಾಡು ಕಲಿಸಲೆಂದೇ ಒಬ್ಬ ಶಿಕ್ಷಕಿ ಇರುತ್ತಿದ್ದಳು. ಹೀಗಾಗಿ 11 ಕಾಲವಲಯಗಳ ಉದ್ದಕ್ಕೂ ಹರಡಿದ ದೇಶದ ಮಕ್ಕಳೆಲ್ಲ ಅದೇ ಹಾಡುಗಳನ್ನು ಕೇಳಿ ಬೆಳೆದರು. ರಷ್ಯದವರು ಮಾತ್ರವಲ್ಲ. ಹಾಡು ಕಟ್ಟಿದ ಶೈನ್ಸ್ಕಿಯೂ ಒಂದೇ ಊರಿನವರಲ್ಲ: ಹುಟ್ಟಿದ್ದು ಕೀವ್‌ನಲ್ಲಿ, ಸಂಗೀತ ರಚನೆ ಕಲಿತದ್ದು ಬಾಕುವಿನಲ್ಲಿ, 2017ರಲ್ಲಿ ತೀರಿಕೊಂಡದ್ದು ಅಮೆರಿಕದಲ್ಲಿ.

1964ರ ಸೆಪ್ಟೆಂಬರ್ 1ರಂದು ‘ಶುಭರಾತ್ರಿ, ಮಕ್ಕಳೇ’ ಎಂಬರ್ಥದ ಸೋವಿಯತ್ ಟಿವಿ ಕಾರ್ಯಕ್ರಮ ಶುರುವಾಯಿತು. ಸಂಜೆ ಕೆಲವೇ ನಿಮಿಷ. ಫಿಲ್ಯಾ ಎಂಬ ನಾಯಿ, ಸ್ತೆಪಾಶ್ಕಾ ಎಂಬ ಮೊಲ, ಖ್ರ್ಯೂಷಾ ಎಂಬ ಹಂದಿಮರಿ ಈ ಬೊಂಬೆಗಳ ತುಂಟಾಟ, ಒಂದು ಪುಟ್ಟ ಕಾರ್ಟೂನ್, ಜೊತೆಗೆ ಒಂದು ಜೋಗುಳ. ಜೋಗುಳ ಮುಗಿದರೆ ಹಾಸಿಗೆಗೆ ಹೋಗಲೇಬೇಕು, ಮನೆಮನೆಯ ಕಾಯಿದೆ ಅದು. ಆಟಿಕೆಗಳಿಗೂ ದಣಿವಾಗಿ ನಿದ್ದೆ ಬಂತು ಎನ್ನುವ ಆ ಜೋಗುಳದ ಸಂಗೀತ ಅರ್ಕಾದಿ ಒಸ್ತ್ರೊವ್ಸ್ಕಿ ಅವರದು, ಸಾಹಿತ್ಯ ಜೋಯಾ ಪೆತ್ರೋವಾ ಅವರದು. 1980ರ ದಶಕದ ನಡುವಿನಲ್ಲಿ ಅದನ್ನು ತೆಗೆದು ಕೆಲವು ವರ್ಷ ಬೇರೆ ಜೋಗುಳ ಹಾಕಿ ನೋಡಿದರು, ಕೊನೆಗೆ ಹಳೆಯದಕ್ಕೇ ಮರಳಿದರು. (ಆ ಬೇರೆ ಜೋಗುಳ ಜರ್ಮನಿಯದು. ಮೊಜಾರ್ಟ್ ರಚಿಸಿದ್ದೆಂದು ಬಹುಕಾಲ ಅಚ್ಚಾಗುತ್ತಿತ್ತು, ರಾಗ ಅವನದಲ್ಲವೆಂದು ಆಮೇಲೆ ಸಂಶೋಧಕರು ಹೇಳಿದರು.) ನಿಮ್ಮ ಸೊಸೆ ಹುಟ್ಟುವ ಹೊತ್ತಿಗೆ ಸೋವಿಯತ್ ದೇಶವೇ ಇದ್ದಿರಲಾರದು. ಅವಳಿಗೆ ಆ ಹಾಡುಗಳು ಬಂದದ್ದು ಅವಳ ತಾಯಿಯ ಬಾಯಿಂದ. ಆ ರಾಗ ಕೇಳಿದಾಗ ಅವಳಿಗೆ ನೆನಪಾಗುವುದು ಸರ್ಕಾರವೂ ಅಲ್ಲ, ಟಿವಿಯೂ ಅಲ್ಲ, ತವರಿನ ಒಂದು ಕೋಣೆ. ಇಷ್ಟು ದೂರ ಬಂದ ಹೆಣ್ಣುಮಗಳಿಗೆ ಕಣ್ಣು ಒದ್ದೆಯಾದರೆ ಅದನ್ನು ಮೊಸಳೆ ಕಣ್ಣೀರೆಂದು ಯಾರೂ ಅನ್ನಬಾರದು!

ಅಮ್ಮ ಹಾಡುವುದಕ್ಕೂ ಮೊಬೈಲು ಹಾಡುವುದಕ್ಕೂ ಮಗುವಿಗೆ ವ್ಯತ್ಯಾಸ ಗೊತ್ತಾಗುತ್ತದೆಯೇ? ನೀವು ನೇರವಾಗಿ ಹೀಗೆ ಕೇಳಿಲ್ಲ, ನಿಮ್ಮ ಪ್ರಶ್ನೆಯ ಒಳಗೆ ಇದೂ ಇದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಸ್ಯಾಮ್ಯುಯೆಲ್ ಮೆಹರ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ಬಹಳ ಹಿಡಿಸಿತು. ಐದು ತಿಂಗಳ ಕೂಸುಗಳಿಗೆ ಹೊಸ ಹಾಡೊಂದನ್ನು ಮನೆಯಲ್ಲಿ ಕೆಲವು ದಿನ ಕೇಳಿಸಿದರು. ಕೆಲವಕ್ಕೆ ತಂದೆಯೋ ತಾಯಿಯೋ ಹಾಡಿದರು, ಕೆಲವಕ್ಕೆ ಅದೇ ರಾಗ ಹೊರಡಿಸುವ ಆಟಿಕೆ ಕೊಟ್ಟರು. ಆಮೇಲೆ ವಿಡಿಯೋದಲ್ಲಿ ಇಬ್ಬರು ಅಪರಿಚಿತರನ್ನು ತೋರಿಸಿದರು. ಒಬ್ಬರು ಆ ಹಾಡು ಹಾಡಿದರು, ಇನ್ನೊಬ್ಬರು ಬೇರೆಯದು. ಹಾಡು ನಿಂತ ಮೇಲೆ ಇಬ್ಬರೂ ಸುಮ್ಮನೆ ನಗುತ್ತಾ ನಿಂತಾಗ, ಮನೆಯವರ ಬಾಯಿಂದ ಹಾಡು ಕಲಿತ ಕೂಸುಗಳು ಆ ಹಾಡಿನವರನ್ನೇ ಹೆಚ್ಚು ಹೊತ್ತು ದಿಟ್ಟಿಸಿದವು. ಆಟಿಕೆಯಿಂದ ಕೇಳಿದ ಕೂಸುಗಳಲ್ಲಿ ಅಂಥ ಒಲವು ಕಾಣಲಿಲ್ಲ. ರಾಗ ಒಂದೇ, ಅದು ಯಾರಿಂದ ಬಂತು ಎನ್ನುವುದೇ ಬೇರೆ. ‘ನಮ್ಮ ಮನೆಯ ಹಾಡು ಬಲ್ಲವರು ನಮ್ಮವರು’ ಎಂದು ಕೂಸು ಆಗಲೇ ಲೆಕ್ಕ ಹಾಕಿಬಿಟ್ಟಿರುತ್ತದೆ.

ಕೆನಡಾದ ಸಾಂಡ್ರಾ ಟ್ರೆಹಬ್ ಅವರು ತಾಯಂದಿರ ಹಾಡುಗಾರಿಕೆಯನ್ನೇ ದಶಕಗಟ್ಟಲೆ ಅಭ್ಯಾಸ ಮಾಡಿದವರು. ಮಗುವಿನ ಮುಂದೆ ಹಾಡುವಾಗ ತಾಯಿ ದನಿಯನ್ನು ಸ್ವಲ್ಪ ಏರಿಸುತ್ತಾಳೆ, ನಡೆಯನ್ನು ನಿಧಾನ ಮಾಡುತ್ತಾಳೆ. ಅದೇ ಹಾಡನ್ನು ವಾರ ಬಿಟ್ಟು ಮತ್ತೆ ಹಾಡಿಸಿದಾಗ, ತಂಬೂರಿ ಶ್ರುತಿಪೆಟ್ಟಿಗೆ ಯಾವುದೂ ಇಲ್ಲದೆ, ಅವಳ ಶ್ರುತಿಯಲ್ಲಿ ಅರ್ಧ ಸ್ವರದಷ್ಟೂ ವ್ಯತ್ಯಾಸವಾಗಿರಲಿಲ್ಲ. ಸಂಗೀತ ಕಲಿಯದ ತಾಯಂದಿರ ಮಾತಿದು! ಮಗುವಿಗೆ ಬೇಕಾದದ್ದೂ ಅದೇ, ನಿನ್ನೆಯದೇ ಹಾಡು, ನಿನ್ನೆಯ ಹಾಗೆಯೇ. ಗರ್ಭದಲ್ಲಿದ್ದಾಗ ಕೊನೆಯ ತಿಂಗಳುಗಳಲ್ಲೇ ಮಗುವಿಗೆ ಕಿವಿ ಕೇಳುತ್ತದೆ. ಹುಟ್ಟಿದ ಕೆಲವೇ ದಿನಗಳಲ್ಲಿ ತಾಯಿಯ ದನಿಯನ್ನು ಬೇರೆ ಹೆಂಗಸರ ದನಿಯಿಂದ ಬೇರ್ಪಡಿಸಿ ಗುರುತಿಸುತ್ತದೆ ಎಂಬುದು 1980ರಷ್ಟು ಹಿಂದೆಯೇ ಪ್ರಯೋಗದಿಂದ ತಿಳಿದಿದೆ.

ಹಾಡು ಮನೆಯವರ ಬಾಯಿಂದಲೇ ಬರಬೇಕೆಂಬ ಮಾತಿಗೆ ರಷ್ಯದ ಹೊಸವರ್ಷದ ಪುಟ್ಟ ಮರದ ಹಾಡು ಹುಟ್ಟಿದ ಬಗೆಯೂ ಹೊಂದುತ್ತದೆ. ರೈಸಾ ಕುದಾಶೇವಾ ಎಂಬಾಕೆ ಪೂರ್ತಿ ಹೆಸರು ಹಾಕದೆ, ಬರೀ ಇನಿಶಿಯಲ್‌ನಲ್ಲಿ, 1903ರಲ್ಲಿ ಮಕ್ಕಳ ಪತ್ರಿಕೆಯೊಂದಕ್ಕೆ ಬರೆದ ಪದ್ಯ ಅದು. 1905ರಲ್ಲಿ ಲಿಯೊನಿದ್ ಬೇಕ್ಮನ್ ಎಂಬವರು ತಮ್ಮ ಪುಟ್ಟ ಮಗಳು ವೇರಾಳಿಗಾಗಿ ಅದಕ್ಕೆ ರಾಗ ಹಾಕಿದರು. ಅವರು ಸಂಗೀತಗಾರರಲ್ಲ, ವಿಜ್ಞಾನ ಓದಿದವರು, ಸ್ವರಲಿಪಿ ಬರೆಯಲು ಬಾರದು. ಹೆಂಡತಿ ಯೆಲೇನಾ ಹೆಸರಾಂತ ಪಿಯಾನೋ ವಾದಕಿ, ಆಕೆ ಬರೆದುಕೊಂಡರು. ತಂದೆ ಗುನುಗಿದ್ದು, ತಾಯಿ ಬರೆದದ್ದು, ಮಗಳು ಹಾಡಿದ್ದು. ಕ್ರಾಂತಿಯ ಬಳಿಕ ಕ್ರಿಸ್ಮಸ್ ಮರಕ್ಕೇ ನಿಷೇಧ ಬಂತು, 1935ರ ಕೊನೆಗೆ ಹೊಸವರ್ಷದ ಮರವೆಂಬ ಹೆಸರಲ್ಲಿ ಅದು ಮರಳಿ ಮನೆಯೊಳಗೆ ಬಂತು. ಹಾಡು ಇಂದಿಗೂ ಇದೆ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಎರಡು ಭಾಷೆಯ ಜೋಗುಳದಿಂದ ಮಗುವಿಗೆ ಗೊಂದಲವಾಗುವುದಿಲ್ಲ. ಎರಡು ಭಾಷೆ ಕೇಳಿ ಬೆಳೆಯುವ ಮಕ್ಕಳು ಎರಡನ್ನೂ ಬೇರೆಬೇರೆಯಾಗಿ ಗುರುತಿಸುತ್ತಾರೆ. ನಿಮ್ಮ ವಯಸ್ಸಿನವರಿಗೆ ನೆನಪಿರಬಹುದು, ನವಕರ್ನಾಟಕದ ಅಂಗಡಿಗಳಲ್ಲಿ ಸೋವಿಯತ್ ಮಕ್ಕಳ ಪುಸ್ತಕಗಳು ಕನ್ನಡದಲ್ಲೇ ಅಗ್ಗವಾಗಿ ಸಿಗುತ್ತಿದ್ದವು, ನುಣುಪು ಹಾಳೆ, ಬಣ್ಣದ ಚಿತ್ರ. ರಷ್ಯದ ಕಥೆಗಳು ಹಾಗೆ ನಮ್ಮ ಮನೆಗಳಿಗೆ ಬಂದವು. ಹಾಡುಗಳು ಪುಸ್ತಕದಲ್ಲಿ ಬರುವಂಥವಲ್ಲ, ಯಾರಾದರೂ ಹೊತ್ತು ತರಬೇಕು. ನಿಮ್ಮ ಮನೆಗೆ ಸೊಸೆ ತಂದಿದ್ದಾಳೆ.

ಮಗು ಎದ್ದಿರುವಾಗ ಸೊಸೆಗೆ ‘ಸರೋಕಾ’ ಆಟ ಆಡಿಸಲು ಹೇಳಿ. ಅದರಲ್ಲಿ ಉದ್ದ ಬಾಲದ ಹಕ್ಕಿಯೊಂದು ಮಗುವಿನ ಅಂಗೈಯಲ್ಲಿ ಗಂಜಿ ಬೇಯಿಸಿ ಒಂದೊಂದು ಬೆರಳಿಗೂ ಬಡಿಸುತ್ತದೆ. ನೀರು ತರದ, ಕಟ್ಟಿಗೆ ಒಡೆಯದ ಸೋಮಾರಿ ಬೆರಳಿಗೆ ಮಾತ್ರ ಏನೂ ಇಲ್ಲ. ಅಂಗೈಯಲ್ಲಿ ಅನ್ನ ಕಲಸಿ ಒಬ್ಬೊಬ್ಬರಿಗೂ ತುತ್ತು ಕೊಟ್ಟು ಕೊನೆಗೆ ಕಂಕುಳಲ್ಲಿ ಕಚಗುಳಿ ಇಡುವ ನಮ್ಮ ಆಟವನ್ನು ಆಮೇಲೆ ನೀವು ಆಡಿಸಿ. ಚಪ್ಪಾಳೆ ತಟ್ಟಿಸುವ ‘ಲಾದುಷ್ಕಿ’ ಎಂಬುದೂ ಇದೆ. ಎಲ್ಲಿಗೆ ಹೋಗಿದ್ದೆವು, ಅಜ್ಜಿ ಮನೆಗೆ. ಏನು ತಿಂದೆವು, ಗಂಜಿ ಎಂದು ಸಾಗುತ್ತದೆ. ಏನು ಕುಡಿದೆವು ಎಂಬುದಕ್ಕೆ ಉತ್ತರ ಮನೆಯಲ್ಲಿ ಹುಳಿ ಬರಿಸಿದ ಬೀರಿನಂಥದ್ದು, ಅದನ್ನು ನೀವು ಮಜ್ಜಿಗೆ ಎಂದು ತಿದ್ದಿಕೊಳ್ಳಬಹುದು.

ರಾತ್ರಿಯ ಜೋಗುಳ ಸೊಸೆಯದೇ ಇರಲಿ, ಮಧ್ಯಾಹ್ನದ ನಿದ್ದೆಗೆ ನಿಮ್ಮದು. ಒಂದೇ ಜೋಗುಳ ಆರಿಸಿಕೊಳ್ಳಿ, ದಿನಾ ಅದನ್ನೇ ಹೇಳಿ. ತಿಂಗಳು ಬಿಟ್ಟು, ಅದನ್ನು ಶುರು ಮಾಡಿದ ಕೂಡಲೇ ಮೊಮ್ಮಗಳು ಏನು ಮಾಡುತ್ತಾಳೆಂದು ನಮಗೊಂದು ಕಾಗದ ಬರೆಯಿರಿ.